ಸುಕ್ರಿ ಬೊಮ್ಮಗೌಡ

ಸುಕ್ರಿ ಬೊಮ್ಮಗೌಡ (ಜನನ: 1930ರ ದಶಕ, ಮರಣ: 13 ಫೆಬ್ರವರಿ 2025) ಅವರು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಬಡಗೇರಿ ಗ್ರಾಮದ ಜನಪದ ಗಾಯಕಿ. ಹಾಲಕ್ಕಿ ಒಕ್ಕಲಿಗ ಸಮುದಾಯಕ್ಕೆ ಸೇರಿದ ಇವರು ಆ ಸಮುದಾಯದ ಹೆಂಗಸರು ತಲೆಮಾರುಗಳಿಂದ ಹಾಡಿಕೊಂಡು ಬಂದ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಉಳಿಸಿಕೊಂಡು, ಆಕಾಶವಾಣಿಯ ಮೂಲಕವೂ ಜಾನಪದ ಅಕಾಡೆಮಿಯ ತರಬೇತಿಗಳ ಮೂಲಕವೂ ಇತರರಿಗೆ ದಾಟಿಸಿದರು. ಸಾರಾಯಿ ವಿರೋಧಿ ಹೋರಾಟ, ಸಾಕ್ಷರತಾ ಆಂದೋಲನ ಮತ್ತು ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಗಳಲ್ಲಿ ಮುಂದೆ ನಿಂತವರಾದ್ದರಿಂದ ಜಿಲ್ಲೆಯಲ್ಲಿ ಅವರ ಹೆಸರು ಹಾಡಿಗಷ್ಟೇ ಸೀಮಿತವಾಗಿಲ್ಲ. ಜನಪದಶ್ರೀ (1999), ನಾಡೋಜ (2006) ಮತ್ತು ಪದ್ಮಶ್ರೀ (2017) ಅವರಿಗೆ ಸಂದ ಮುಖ್ಯ ಗೌರವಗಳು. ಊರವರಿಗೂ ಅಭಿಮಾನಿಗಳಿಗೂ ಅವರು ‘ಸುಕ್ರಜ್ಜಿ’. ‘ಹಾಲಕ್ಕಿ ಕೋಗಿಲೆ’ ಎಂಬುದು ಪತ್ರಿಕೆಗಳು ಬಳಕೆಗೆ ತಂದ ವಿಶೇಷಣ.

ಸಮುದಾಯದ ಹಿನ್ನೆಲೆ

ಹಾಲಕ್ಕಿ ಒಕ್ಕಲಿಗರು ಉತ್ತರ ಕನ್ನಡದ ಕರಾವಳಿ ಪಟ್ಟಿಯಲ್ಲಿ, ಉತ್ತರದ ಕಾಳಿ ನದಿಗೂ ದಕ್ಷಿಣದ ಶರಾವತಿಗೂ ನಡುವೆ, ಕಾರವಾರ, ಅಂಕೋಲಾ, ಕುಮಟಾ ಮತ್ತು ಹೊನ್ನಾವರ ತಾಲ್ಲೂಕುಗಳಲ್ಲಿ ನೆಲೆಸಿದವರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸಹ್ಯಾದ್ರಿಯ ಬೆಟ್ಟಸಾಲು; ನಡುವಿನ ಕಿರಿದಾದ ಬಯಲಲ್ಲಿ ಭತ್ತ, ಶೇಂಗಾ, ತರಕಾರಿ ಬೆಳೆಯುವುದು, ಬೆಟ್ಟದಿಂದ ಸೊಪ್ಪು ಸೌದೆ ತರುವುದು ಇವರ ಬದುಕಿನ ಕ್ರಮ. ಹಿತ್ತಿಲಲ್ಲಿ ಬೆಳೆದ ತರಕಾರಿಯನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ತಂದು ಪೇಟೆಯ ಬೀದಿಯಲ್ಲಿ ಮಾರುವ ಹಾಲಕ್ಕಿ ಹೆಂಗಸರನ್ನು ಕಾರವಾರ, ಅಂಕೋಲಾ, ಕುಮಟಾ ಕಂಡವರೆಲ್ಲ ಬಲ್ಲರು. ರವಿಕೆಯಿಲ್ಲದೆ ಹೆಗಲ ಮೇಲೆ ಗಂಟು ಹಾಕಿ ಉಡುವ ಸೀರೆ, ಕೊರಳನ್ನು ತುಂಬಿ ಎದೆಯವರೆಗೆ ಇಳಿಯುವ ಮಣಿಸರಗಳ ರಾಶಿ ಇವರ ಗುರುತು. ಇಂದು ಈ ಉಡುಗೆ ಹೆಚ್ಚಾಗಿ ಹಿರಿಯರಲ್ಲಿ ಮಾತ್ರ ಉಳಿದಿದೆ.

ಇವರಾಡುವ ಕನ್ನಡವು ಧ್ವನಿಯಲ್ಲೂ ರೂಪದಲ್ಲೂ ತನ್ನದೇ ಲಕ್ಷಣಗಳುಳ್ಳ ಉಪಭಾಷೆ. ಎ. ಎಸ್. ಆಚಾರ್ಯ ಅವರು ಅದನ್ನು ಕುರಿತು ನಡೆಸಿದ ಭಾಷಾಶಾಸ್ತ್ರೀಯ ಅಧ್ಯಯನವನ್ನು ಪುಣೆಯ ಡೆಕ್ಕನ್ ಕಾಲೇಜು 1967ರಲ್ಲಿ ಪ್ರಕಟಿಸಿತು. ಸುಕ್ರಿಯವರ ಹಾಡುಗಳು ಈ ಉಪಭಾಷೆಯಲ್ಲಿಯೇ ಇರುವುದರಿಂದ ಬಯಲುಸೀಮೆಯ ಕನ್ನಡಿಗರಿಗೆ ಮೊದಲ ಸಲ ಕೇಳಿದಾಗ ಪೂರ್ತಿಯಾಗಿ ತಿಳಿಯದೆ ಹೋಗುವುದುಂಟು.

ಊರಿನ ವ್ಯವಹಾರಗಳನ್ನು ನೋಡಿಕೊಳ್ಳಲು ಗೌಡ, ಬುಧವಂತ, ಕೋಲಕಾರ ಎಂಬ ಸ್ಥಾನಗಳು ಸಮುದಾಯದಲ್ಲಿವೆ. ಹಲವು ಊರುಗಳು ಕೂಡಿ ಒಂದು ‘ಸೀಮೆ’. ಹೋಳಿ ಹುಣ್ಣಿಮೆಗೆ ಮುನ್ನ ಗಂಡಸರು ಬೆಂಡಿನಿಂದ ಮಾಡಿದ ಎತ್ತರದ ತುರಾಯಿಗಳನ್ನು ತಲೆಗೆ ಕಟ್ಟಿಕೊಂಡು ಊರೂರು ತಿರುಗಿ ಕುಣಿಯುವ ಸುಗ್ಗಿ ಕುಣಿತ ಈ ಸಮುದಾಯದ ಕಲೆಗಳಲ್ಲಿ ಹೆಚ್ಚು ಹೆಸರಾದದ್ದು. ಗುಮಟೆ ಎಂಬ ಮಣ್ಣಿನ ಚರ್ಮವಾದ್ಯವನ್ನು ಬಾರಿಸುತ್ತ ಕುಳಿತು ಹಾಡುವ ಗುಮಟೆ ಪಾಂಗ್ ಸಹ ಬಹುಮಟ್ಟಿಗೆ ಗಂಡಸರದೇ. ಗುಮಟೆಯ ಬಾಯಿಗೆ ಹಿಂದೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡ ರಕ್ಷಿತ ಪ್ರಾಣಿಯಾದ ಮೇಲೆ ಆಡಿನ ಚರ್ಮ ಆ ಜಾಗಕ್ಕೆ ಬಂದಿದೆ. ಹೆಂಗಸರ ಹಾಡಿಗೆ ಇಂಥ ವಾದ್ಯವೂ ಇಲ್ಲ, ವೇಷವೂ ಇಲ್ಲ. ಅದಕ್ಕೆ ಪ್ರೇಕ್ಷಕರೂ ಬೇಕಿರಲಿಲ್ಲ. ಸುಕ್ರಿಯವರು ಬಂದದ್ದು ಹೊರಗಿನ ಕಣ್ಣಿಗೆ ಹೆಚ್ಚು ಕಾಣದ ಈ ಎರಡನೆಯ ಪರಂಪರೆಯಿಂದ ಎಂಬುದನ್ನು ಗಮನಿಸಬೇಕು.

ಬಾಲ್ಯ ಮತ್ತು ಸಂಸಾರ

ಹಾಲಕ್ಕಿಗಳಲ್ಲಿ ಮಗು ಹುಟ್ಟಿದ ವಾರದ ಹೆಸರನ್ನೇ ಅದಕ್ಕೆ ಇಡುವ ರೂಢಿಯಿತ್ತು. ಸೋಮಿ, ಮಂಗಳಿ, ಬುಧು ಮುಂತಾದ ಹೆಸರುಗಳು ಹೀಗೆ ಬಂದವು. ಸುಕ್ರಿ ಎಂದರೆ ಶುಕ್ರವಾರದವಳು. ಹುಟ್ಟಿದ ವಾರ ಹೆಸರಿನಲ್ಲಿ ಉಳಿದರೂ ವರ್ಷ ಉಳಿಯಲಿಲ್ಲ. ಮರಣದ ಸಂದರ್ಭದಲ್ಲಿ ಅವರ ವಯಸ್ಸನ್ನು ಪತ್ರಿಕೆಗಳು 88ರಿಂದ 91ರವರೆಗೆ ಬೇರೆ ಬೇರೆಯಾಗಿ ಬರೆದವು.

ಸುಕ್ರಿಯವರು ಶಾಲೆಗೆ ಹೋದವರಲ್ಲ. ಅವರ ಕಲಿಕೆ ತಾಯಿಯ ಬಳಿಯಲ್ಲಿ ನಡೆಯಿತು. ಹಾಡನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವ ಪದ್ಧತಿ ಆ ಮನೆಗಳಲ್ಲಿ ಇರಲಿಲ್ಲ. ನೆಟ್ಟಿಯ ಗದ್ದೆಯಲ್ಲಿ, ಒರಳಿನ ಮುಂದೆ, ಮದುವೆಯ ಚಪ್ಪರದಲ್ಲಿ ತಾಯಿ ಮತ್ತು ಓರಗೆಯ ಹೆಂಗಸರು ಹಾಡುವಾಗ ದನಿಗೂಡಿಸುತ್ತ ಹುಡುಗಿಯರು ಕಲಿಯುತ್ತಿದ್ದರು. ಹೀಗೆ ಕಲಿತ ಹಾಡಿಗೆ ಬರೆಹದ ಆಸರೆ ಇಲ್ಲ. ಅದು ಕೆಲಸದ ಲಯಕ್ಕೆ, ವರ್ಷದ ಋತುವಿಗೆ, ಕ್ರಿಯೆಯ ಕ್ರಮಕ್ಕೆ ಕಟ್ಟಿಕೊಂಡು ನೆನಪಿನಲ್ಲಿ ನಿಲ್ಲುತ್ತದೆ.

ಚಿಕ್ಕ ವಯಸ್ಸಿನಲ್ಲಿಯೇ ಅವರನ್ನು ವಯಸ್ಸಿನಲ್ಲಿ ತಮಗಿಂತ ಬಹಳ ಹಿರಿಯರಾದ ಬೊಮ್ಮಗೌಡರಿಗೆ ಮದುವೆ ಮಾಡಿಕೊಡಲಾಯಿತು. ಹೆತ್ತ ಮಕ್ಕಳು ಉಳಿಯಲಿಲ್ಲ. ಪತಿಯೂ ತೀರಿಕೊಂಡರು. ಕೂಲಿ ಮಾಡಿ ಬದುಕಿದ ಸುಕ್ರಿಯವರು ಒಬ್ಬ ಮಗನನ್ನು ಸಾಕಿಕೊಂಡರು. ಆ ಸಾಕುಮಗನನ್ನು ಕುಡಿತ ಬಲಿ ತೆಗೆದುಕೊಂಡಿತು. ಅವರ ಸಾರ್ವಜನಿಕ ಬದುಕಿನ ಮುಖ್ಯ ತಿರುವಿಗೆ ಕಾರಣವಾದದ್ದು ಈ ಸಾವು.

ಹಾಡುಗಾರಿಕೆ

ಸುಕ್ರಿಯವರ ಹಾಡುಗಳನ್ನು ಅವು ಹುಟ್ಟಿದ ಸಂದರ್ಭಗಳ ಮೂಲಕ ನೋಡುವುದು ಉಪಯುಕ್ತ. ಕೆಲಸದ ಹಾಡುಗಳದು ಒಂದು ದೊಡ್ಡ ಗುಂಪು. ಮಳೆಗಾಲದಲ್ಲಿ ಭತ್ತದ ಸಸಿ ಕಿತ್ತು ನಾಟಿ ಮಾಡುವಾಗ, ಕೊಯ್ಲಿನಲ್ಲಿ, ಭತ್ತ ಕುಟ್ಟುವಾಗ, ಬೀಸುವಾಗ ಹಾಡುವಂಥವು ಇವು. ನಾಟಿಯ ಹೆಂಗಸರು ಬಾಗಿದ ಬೆನ್ನಿನಲ್ಲಿ ಸಾಲಾಗಿ ಹಿಂದಕ್ಕೆ ಸರಿಯುತ್ತ ಹೋಗಬೇಕು. ಎಲ್ಲರ ಕೈ ಒಂದೇ ವೇಗದಲ್ಲಿ ಓಡಿದರೆ ಮಾತ್ರ ಸಾಲು ಕೂಡುತ್ತದೆ. ಒಬ್ಬರು ಒಂದು ಸಾಲನ್ನು ಹೇಳುವುದು, ಉಳಿದವರು ಅದನ್ನೇ ಎತ್ತಿಕೊಳ್ಳುವುದು ಎಂಬ ಹಾಡಿನ ಕ್ರಮ ಈ ಅಗತ್ಯಕ್ಕೆ ಸರಿಯಾಗಿ ಹೊಂದುತ್ತದೆ. ಹೇಳುವವರಿಗೆ ಮುಂದಿನ ಸಾಲನ್ನು ನೆನಪಿಸಿಕೊಳ್ಳಲು ಬಿಡುವು ಸಿಗುತ್ತದೆ, ಎತ್ತಿಕೊಳ್ಳುವವರಲ್ಲಿರುವ ಎಳೆಯ ಹುಡುಗಿಯರಿಗೆ ಪಾಠವೂ ಆಗುತ್ತದೆ.

ಎರಡನೆಯದು ಮದುವೆಯ ಹಾಡುಗಳು. ಚಪ್ಪರ ಹಾಕುವುದರಿಂದ ಹಿಡಿದು ಹೆಣ್ಣನ್ನು ಕಳುಹಿಸಿಕೊಡುವವರೆಗೆ ಪ್ರತಿಯೊಂದು ಕ್ರಿಯೆಗೂ ಅದರದೇ ಹಾಡು ಇರುತ್ತದೆ. ಹಾಡು ಬಾರದೆ ಕ್ರಿಯೆ ಮುಂದೆ ಸಾಗದು ಎಂಬ ಭಾವನೆ ಹಳಬರಲ್ಲಿತ್ತು. ಆದ್ದರಿಂದ ಹಾಡು ಬಲ್ಲ ಹೆಂಗಸಿಗೆ ಮದುವೆಮನೆಯಲ್ಲಿ ಪುರೋಹಿತರಿಗೆ ಸಮನಾದ ಸ್ಥಾನವಿತ್ತು ಎಂದರೆ ಅತಿಶಯೋಕ್ತಿಯಲ್ಲ. ಮೂರನೆಯದಾಗಿ ಹಬ್ಬ ಹುಣ್ಣಿಮೆಗಳ ಹಾಡುಗಳು. ಇವಲ್ಲದೆ ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ತಮ್ಮ ಊರಿನ ಬದುಕಿಗೆ ಹೊಂದಿಸಿ ಹೇಳುವ ದೀರ್ಘ ಕಥನಗೀತಗಳಿವೆ. ಈ ಹಾಡುಗಳಲ್ಲಿ ಸೀತೆಯೂ ದ್ರೌಪದಿಯೂ ಅರಮನೆಯವರಂತೆ ಕಾಣುವುದಕ್ಕಿಂತ ನೆರೆಮನೆಯವರಂತೆ ಕಾಣುವುದೇ ಹೆಚ್ಚು.

ಅವರಿಗೆ ಎಷ್ಟು ಹಾಡುಗಳು ಬರುತ್ತಿದ್ದವು ಎಂಬ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಪ್ರಚಾರದಲ್ಲಿವೆ. ಕೆಲವು ಬರೆಹಗಳು 1,000 ಎಂದರೆ, ಇನ್ನು ಕೆಲವು 5,000 ಎನ್ನುತ್ತವೆ. ಮೌಖಿಕ ಪರಂಪರೆಯಲ್ಲಿ ಇಂಥ ಎಣಿಕೆ ಕಷ್ಟ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. ಒಂದೇ ಹಾಡು ಮದುವೆಮನೆಯಲ್ಲಿ ಅರ್ಧ ಗಂಟೆ ಬೆಳೆಯಬಹುದು, ಆಕಾಶವಾಣಿಯ ಮೈಕಿನ ಮುಂದೆ ಮೂರು ನಿಮಿಷಕ್ಕೆ ಮುಗಿಯಬಹುದು. ಒಂದು ಹಾಡಿನ ಸಾಲುಗಳು ಇನ್ನೊಂದರೊಳಕ್ಕೆ ಹರಿದುಬರುತ್ತವೆ. ಅದನ್ನು ಒಂದೆನ್ನಬೇಕೋ ಎರಡೆನ್ನಬೇಕೋ ಎಂಬುದು ಹಾಡುವವರ ಪ್ರಶ್ನೆಯಲ್ಲ, ಬರೆದುಕೊಳ್ಳುವವರ ಪ್ರಶ್ನೆ. ಸಂಗ್ರಹ ದೊಡ್ಡದಿತ್ತು, ಅಷ್ಟು ದೊಡ್ಡ ಸಂಗ್ರಹವನ್ನು ಒಬ್ಬರೇ ಹೊತ್ತಿದ್ದುದು ಅಪರೂಪವಾಗಿತ್ತು ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು.

ಉತ್ತರ ಕನ್ನಡ ಜಿಲ್ಲೆ ಜಾನಪದ ಸಂಗ್ರಹದ ದೃಷ್ಟಿಯಿಂದ ಪುಣ್ಯವಂತ ಜಿಲ್ಲೆ. ಕುಮಟಾದ ಎಲ್. ಆರ್. ಹೆಗಡೆ, ಹೊನ್ನಾವರದ ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ಮೊದಲಾದವರು ಇಲ್ಲಿಯ ಹಲವು ಸಮುದಾಯಗಳ ಹಾಡು, ಕಥೆ, ಆಚರಣೆಗಳನ್ನು ಸಂಗ್ರಹಿಸಿ ಗ್ರಂಥರೂಪಕ್ಕೆ ತಂದಿದ್ದಾರೆ. ಆದರೆ ಪುಸ್ತಕದಲ್ಲಿ ಹಾಡಿನ ಮಾತು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಆಕಾಶವಾಣಿ. ಕಾರವಾರ ಕೇಂದ್ರದೊಂದಿಗೆ ಸುಕ್ರಿಯವರು ಸಹಕರಿಸಿದ್ದರಿಂದ ಹಾಲಕ್ಕಿ ಹಾಡುಗಳು ಅವರ ದನಿಯಲ್ಲಿಯೇ ದಾಖಲಾದವು. ಹಾಡು ಕೇರಿಯಿಂದ ಜಿಲ್ಲೆಯ ಮನೆಮನೆಗೆ ಹೋಯಿತು. ರಾಜ್ಯ ಸರ್ಕಾರ 1988ರಲ್ಲಿ ಮೊದಲ ಬಾರಿಗೆ ಅವರನ್ನು ಗುರುತಿಸಿತು. ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಆಶ್ರಯದಲ್ಲಿ ಅವರು ಕಿರಿಯರಿಗೆ ಹಾಡು ಕಲಿಸಿದರು.

ವೇದಿಕೆಯ ಮೇಲೂ ಅವರು ಗುಂಪಿನ ಗಾಯಕಿಯಾಗಿಯೇ ಉಳಿದರು. ಜೊತೆಗೆ ಹಾಡುವ ಹೆಂಗಸರಿಲ್ಲದೆ ಈ ಹಾಡುಗಳಿಗೆ ಪೂರ್ಣ ರೂಪ ಬರುವುದಿಲ್ಲ. ಒಬ್ಬರ ಹೆಸರು ದೊಡ್ಡ ಅಕ್ಷರದಲ್ಲಿ ಬಂದು ಉಳಿದವರು ‘ಮತ್ತು ಸಂಗಡಿಗರು’ ಆಗುವುದು ನಮ್ಮ ಕಾರ್ಯಕ್ರಮಪಟ್ಟಿಗಳ ಸಂಪ್ರದಾಯ. ಕೇರಿಯಲ್ಲಿ ಹಾಡು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ.

ಸಾರಾಯಿ ವಿರೋಧಿ ಹೋರಾಟ

1990ರ ದಶಕದಲ್ಲಿ ಬಡಗೇರಿಯಲ್ಲಿ ಮದ್ಯ ಮಾರಾಟವನ್ನು ನಿಲ್ಲಿಸಬೇಕೆಂದು ನಡೆದ ಚಳವಳಿಯ ಮುಂದಾಳುಗಳಲ್ಲಿ ಸುಕ್ರಿಯವರು ಒಬ್ಬರು. ಆ ಕಾಲದಲ್ಲಿ ರಾಜ್ಯದ ಹಳ್ಳಿಗಳಲ್ಲಿ ಸಾರಾಯಿ ಅಂಗಡಿಗಳು ಹರಾಜಿನ ಮೂಲಕ ಗುತ್ತಿಗೆದಾರರಿಗೆ ಹೋಗುತ್ತಿದ್ದವು. ಸರ್ಕಾರದ ಬೊಕ್ಕಸಕ್ಕೆ ಅದು ದೊಡ್ಡ ಆದಾಯ. ದಿನಗೂಲಿಯ ಸಂಸಾರಗಳಲ್ಲಿ ಗಂಡಸಿನ ಸಂಪಾದನೆ ಸಂಜೆಯ ಹೊತ್ತಿಗೆ ಅಂಗಡಿಯಲ್ಲಿ ಕರಗಿ, ಮನೆ ನಡೆಸುವ ಹೊರೆ ಹೆಂಗಸರ ದುಡಿಮೆಯ ಮೇಲೆ ಬೀಳುತ್ತಿತ್ತು. ಸುಕ್ರಿಯವರ ಪಾಲಿಗೆ ಇದು ಕೇಳಿ ತಿಳಿದ ಸಂಗತಿಯಾಗಿರಲಿಲ್ಲ; ಅವರ ಮನೆಯಲ್ಲಿಯೇ ಸಾವು ಸಂಭವಿಸಿತ್ತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಅಂಗಡಿಯ ಮುಂದೆ ಬಂದು ನಿಂತಾಗ ಅವಳಿಗೆ ಎದುರುತ್ತರ ಹೇಳುವುದು ಸುಲಭವಲ್ಲ. ನೆರೆಹೊರೆಯ ಹೆಂಗಸರನ್ನು ಅವರು ಒಟ್ಟುಗೂಡಿಸಿದರು.

ಅದೇ ವರ್ಷಗಳಲ್ಲಿ ನೆರೆಯ ಆಂಧ್ರಪ್ರದೇಶದಲ್ಲಿಯೂ ಇಂಥದೇ ಘಟನೆ ನಡೆದಿತ್ತು. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ 1992ರಲ್ಲಿ ಸಾಕ್ಷರತಾ ತರಗತಿಗಳಿಗೆ ಬರುತ್ತಿದ್ದ ಹೆಂಗಸರು ಸಾರಾಯಿ ಅಂಗಡಿಗಳನ್ನು ಮುಚ್ಚಿಸಿದ್ದು ರಾಜ್ಯದಾದ್ಯಂತ ಹಬ್ಬಿ, ಮರುವರ್ಷ ಅಲ್ಲಿ ಸಾರಾಯಿ ನಿಷೇಧಕ್ಕೆ ಕಾರಣವಾಯಿತು. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಷೇಧವಾದದ್ದು 1 ಜುಲೈ 2007ರಂದು. ಅದಕ್ಕೆ ಹಲವು ಕಾರಣಗಳಿದ್ದವು. ಬಡಗೇರಿಯಂಥ ನೂರಾರು ಹಳ್ಳಿಗಳ ಹೆಂಗಸರು ವರ್ಷಗಟ್ಟಲೆ ನಡೆಸಿದ ಪ್ರತಿಭಟನೆ ಅವುಗಳಲ್ಲಿ ಒಂದು. ನಿಷೇಧ ಸಾರಾಯಿಗೆ ಮಾತ್ರ ಅನ್ವಯವಾದ್ದರಿಂದ ಇತರ ಮದ್ಯಗಳ ಮಾರಾಟ ಮುಂದುವರಿಯಿತು. ಪ್ರಶಸ್ತಿಗಳು ಬಂದ ಮೇಲೆಯೂ ಸುಕ್ರಿಯವರು ಕುಡಿತದ ವಿರುದ್ಧ ಮಾತನಾಡುವುದನ್ನು ನಿಲ್ಲಿಸಲಿಲ್ಲ.

ಅಂಕೋಲೆಗೆ ಹೋರಾಟ ಹೊಸದಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 1930ರ ಏಪ್ರಿಲ್ 13ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಅಂಕೋಲೆಯಲ್ಲಿ. ಅದನ್ನು ಹಿಂಬಾಲಿಸಿದ ಕರನಿರಾಕರಣೆಯಲ್ಲಿ ತಾಲ್ಲೂಕಿನ ರೈತರು ಹೊಲಮನೆಗಳನ್ನು ಕಳೆದುಕೊಂಡರು. ಅನಂತರ ಇದೇ ತಾಲ್ಲೂಕಿನ ದಿನಕರ ದೇಸಾಯಿಯವರು (1909–1982) ಗೇಣಿದಾರರನ್ನು ಸಂಘಟಿಸಿದರು. ಹಾಲಕ್ಕಿಗಳಲ್ಲಿ ಬಹುಪಾಲು ಜನ ಒಡೆಯರ ಭೂಮಿಯನ್ನು ಗೇಣಿಗೆ ಮಾಡುತ್ತಿದ್ದವರೇ ಆದ್ದರಿಂದ ಆ ಚಳವಳಿಯ ಬಿಸಿ ಅವರ ಕೇರಿಗಳನ್ನೂ ಮುಟ್ಟಿತ್ತು. ಸುಕ್ರಿಯವರು ಬೆಳೆದದ್ದು ಇಂಥ ನೆಲದಲ್ಲಿ.

ಪಂಚಾಯಿತಿ ಮತ್ತು ಸಾಕ್ಷರತೆ

ಸುಕ್ರಿಯವರು ತಮ್ಮ ಊರಿನ ಪಂಚಾಯಿತಿಗೆ ಸದಸ್ಯರಾಗಿ ಚುನಾಯಿತರಾಗಿದ್ದರು. ಸಾಕ್ಷರತಾ ಆಂದೋಲನದಲ್ಲಿ ಭಾಗವಹಿಸಿ, ತಮಗೆ ಸಿಗದ ಶಾಲೆ ಕೇರಿಯ ಮಕ್ಕಳಿಗೆ ಸಿಗಬೇಕೆಂದು ಒತ್ತಾಯಿಸುತ್ತಿದ್ದರು. ಅಕ್ಷರವಿಲ್ಲದೆಯೇ ಅಷ್ಟು ದೊಡ್ಡ ಸಾಹಿತ್ಯವನ್ನು ಹೊತ್ತವರು ಅಕ್ಷರಕ್ಕಾಗಿ ಓಡಾಡಿದ್ದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಬಸ್ಸಿನ ಫಲಕದಿಂದ ಹಿಡಿದು ಭೂಮಿಯ ಪಹಣಿಯವರೆಗೆ ಓದಲು ಬಾರದವರು ಪಡುವ ಪಾಡನ್ನು ಬಲ್ಲವರಿಗೆ ಹಾಗೆ ಕಾಣದು.

ಪರಿಶಿಷ್ಟ ಪಂಗಡದ ಬೇಡಿಕೆ

ಹಾಲಕ್ಕಿ ಒಕ್ಕಲಿಗರು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದಾರೆ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬುದು ಸಮುದಾಯದ ಹಲವು ದಶಕಗಳ ಬೇಡಿಕೆ. ಸುಕ್ರಿಯವರು ಸಿಕ್ಕ ಪ್ರತಿಯೊಂದು ವೇದಿಕೆಯಲ್ಲಿಯೂ ಇದನ್ನು ಎತ್ತಿದರು. ಸನ್ಮಾನಕ್ಕೆಂದು ಕರೆದವರ ಮುಂದೆ ಮನವಿ ಇಡುವುದು ಅವರ ಕ್ರಮವಾಗಿತ್ತು.

ಯಾವುದೇ ಸಮುದಾಯವನ್ನು ಈ ಪಟ್ಟಿಗೆ ಸೇರಿಸುವ ದಾರಿ ದೀರ್ಘವಾದದ್ದು. ರಾಜ್ಯ ಸರ್ಕಾರ ಜನಾಂಗೀಯ ಅಧ್ಯಯನದೊಂದಿಗೆ ಶಿಫಾರಸು ಮಾಡಬೇಕು. ಭಾರತದ ಮಹಾ ನೋಂದಣಾಧಿಕಾರಿಗಳೂ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗವೂ ಒಪ್ಪಬೇಕು. ಕೊನೆಗೆ ಸಂವಿಧಾನದ 342ನೆಯ ವಿಧಿಗೆ ಅನುಸಾರವಾಗಿ ಸಂಸತ್ತು ಕಾನೂನು ಮಾಡಬೇಕು. ಪರಿಶೀಲನೆಯಲ್ಲಿ ಇಂದಿಗೂ 1965ರ ಲೋಕೂರ್ ಸಮಿತಿ ಸೂಚಿಸಿದ ಲಕ್ಷಣಗಳನ್ನೇ ನೋಡುತ್ತಾರೆ. ಪ್ರಾಚೀನ ಜೀವನರೀತಿಯ ಕುರುಹುಗಳು, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ ಎಂಬ ಐದು ಲಕ್ಷಣಗಳವು. ನೆರೆಯ ಗೋವಾದ ಗಾವಡಾ, ಕುಣಬಿ ಮತ್ತು ವೇಳಿಪ ಸಮುದಾಯಗಳು 2003ರಲ್ಲಿ ಈ ಪಟ್ಟಿಗೆ ಸೇರಿದ ಮೇಲೆ ಗಡಿಯ ಈಚೆಗಿನವರ ನಿರೀಕ್ಷೆ ಹೆಚ್ಚಿತು.

ಇದರಲ್ಲಿ ಒಂದು ತೊಡಕು ಇದೆ. ‘ವಿಶಿಷ್ಟ ಸಂಸ್ಕೃತಿ’ಗೆ ಸಾಕ್ಷಿ ಕೇಳಿದರೆ ಹಾಲಕ್ಕಿಗಳು ತೋರಿಸಬಹುದಾದದ್ದು ಅವರ ಉಡುಗೆ, ಸುಗ್ಗಿ, ಸೀಮೆಯ ವ್ಯವಸ್ಥೆ ಮತ್ತು ಸುಕ್ರಿಯವರಂಥವರ ಹಾಡುಗಳನ್ನು. ಅರ್ಜಿ ಕಚೇರಿಯಿಂದ ಕಚೇರಿಗೆ ಸಾಗುತ್ತಿದ್ದ ಈ ದಶಕಗಳಲ್ಲಿಯೇ ಆ ಉಡುಗೆ ಹಿರಿಯರಿಗೆ ಸೀಮಿತವಾಯಿತು, ಹಾಡು ಬಲ್ಲವರು ಒಬ್ಬೊಬ್ಬರಾಗಿ ತೀರಿಹೋದರು. ಸುಕ್ರಿಯವರು ನಿಧನರಾದಾಗಲೂ ಬೇಡಿಕೆ ಈಡೇರಿರಲಿಲ್ಲ.

ಪ್ರಶಸ್ತಿ, ಗೌರವಗಳು

ಕರ್ನಾಟಕ ಸರ್ಕಾರದ ಜನಪದಶ್ರೀ ಪ್ರಶಸ್ತಿ 1999ರಲ್ಲಿ ಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2006ರಲ್ಲಿ ನಾಡೋಜ ಪದವಿ ನೀಡಿತು. ನಾಡೋಜ ಎಂದರೆ ನಾಡಿನ ಗುರು. ಪಂಪನಿಗೆ ಅನ್ವಯಿಸಿ ಹೇಳುವ ಆ ಬಿರುದನ್ನು ಶಾಲೆಯ ಮೆಟ್ಟಿಲು ಹತ್ತದ ಗಾಯಕಿಗೆ ಕೊಟ್ಟ ವಿಶ್ವವಿದ್ಯಾಲಯದ ನಿರ್ಧಾರ ಉಚಿತವಾಗಿತ್ತು.

ಕಲೆಯ ವಿಭಾಗದಲ್ಲಿ 2017ರ ಪದ್ಮಶ್ರೀಗೆ ಅವರು ಆಯ್ಕೆಯಾದರು. ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರಿಂದ ಪ್ರಶಸ್ತಿ ಸ್ವೀಕರಿಸಲು ಅವರು ದೆಹಲಿಗೆ ಹೋದದ್ದು ತಮ್ಮ ನಿತ್ಯದ ಹಾಲಕ್ಕಿ ಉಡುಗೆಯಲ್ಲಿ. ಅದೇ ವರ್ಷದ ಪಟ್ಟಿಯಲ್ಲಿ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ ಹೆಸರೂ ಇತ್ತು. ಬರೆಹದ ಕನ್ನಡದ ಪದಸಂಪತ್ತನ್ನು ಜೀವನವಿಡೀ ಕೂಡಿಸಿದವರೂ, ಬರೆಹವನ್ನೇ ಕಾಣದ ಕನ್ನಡವನ್ನು ಕಂಠದಲ್ಲಿ ಕಾಯ್ದವರೂ ಒಂದೇ ಪಟ್ಟಿಯಲ್ಲಿ ಬಂದದ್ದು ಭಾಷಾಪ್ರೇಮಿಗಳು ನೆನಪಿಡಬಹುದಾದ ಸಂಗತಿ.

ಗೌರವಗಳು ಬಂದರೂ ಜೀವನ ಬಡಗೇರಿಯ ಚಿಕ್ಕ ಮನೆಯಲ್ಲಿಯೇ ನಡೆಯಿತು. ಕಲಾವಿದರ ಮಾಸಾಶನ ಅವರ ಮುಖ್ಯ ಆಸರೆಗಳಲ್ಲಿ ಒಂದಾಗಿತ್ತು. ಪದ್ಮಶ್ರೀ ಒಂದು ಗೌರವ ಮಾತ್ರ; ಅದರೊಂದಿಗೆ ಹಣ ಬರುವುದಿಲ್ಲ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ತುಳಸಿ ಗೌಡ ಅವರೊಂದಿಗೆ

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರೂ ಹಾಲಕ್ಕಿ ಸಮುದಾಯದವರು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಬೀಜ ಮತ್ತು ಸಸಿಗಳ ಬಗೆಗಿನ ಅಪಾರ ತಿಳಿವಳಿಕೆಗೆ ಹೆಸರಾದ ಅವರಿಗೆ 2020ರ ಪದ್ಮಶ್ರೀ ಸಂದಿತು. ಒಂದೇ ತಾಲ್ಲೂಕಿನ, ಒಂದೇ ಸಮುದಾಯದ, ಶಾಲೆ ಕಾಣದ ಇಬ್ಬರು ಹೆಂಗಸರಿಗೆ ಈ ಗೌರವ ಬಂದದ್ದರಿಂದ ಸಾರ್ವಜನಿಕ ಸಮಾರಂಭಗಳಲ್ಲಿ ಇಬ್ಬರನ್ನೂ ಜೊತೆಗೆ ಕರೆಯುವುದು ವಾಡಿಕೆಯಾಯಿತು. ತುಳಸಿ ಗೌಡ ಅವರು 16 ಡಿಸೆಂಬರ್ 2024ರಂದು ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ ಸುಕ್ರಿಯವರೂ ಹೋದರು. ಒಬ್ಬರದು ಮರದ ತಿಳಿವಳಿಕೆ, ಇನ್ನೊಬ್ಬರದು ಹಾಡಿನ ತಿಳಿವಳಿಕೆ ಎಂದು ಬೇರೆ ಮಾಡಿ ಹೇಳುವುದು ಹೊರಗಿನವರಾದ ನಮ್ಮ ಅನುಕೂಲಕ್ಕೆ. ಹಾಲಕ್ಕಿ ಹೆಂಗಸರ ಬದುಕಿನಲ್ಲಿ ಬೆಟ್ಟಕ್ಕೆ ಹೋಗುವುದೂ ಹಾಡುವುದೂ ಒಂದೇ ದಿನದ ಕೆಲಸಗಳಾಗಿದ್ದವು.

ನಿಧನ

ವಯೋಸಹಜ ಅನಾರೋಗ್ಯದಿಂದ ಬಳಲುತ್ತಿದ್ದ ಸುಕ್ರಿ ಬೊಮ್ಮಗೌಡ ಅವರು 13 ಫೆಬ್ರವರಿ 2025ರ ಗುರುವಾರ ಬಡಗೇರಿಯ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರೂ ನಾಡಿನ ಅನೇಕ ಗಣ್ಯರೂ ಸಂತಾಪ ಸೂಚಿಸಿದರು. ಅಂತ್ಯಕ್ರಿಯೆ ಊರಿನಲ್ಲಿಯೇ ಸರ್ಕಾರಿ ಗೌರವದೊಂದಿಗೆ ನಡೆಯಿತು.

ಹಾಡುಗಳ ಇಂದಿನ ಸ್ಥಿತಿ

ಹಾಲಕ್ಕಿ ಹಾಡುಗಳ ಅಳಿವು ಉಳಿವಿನ ಪ್ರಶ್ನೆ ಹಾಡುವವರ ಸಂಖ್ಯೆಯೊಂದಕ್ಕೇ ಸೇರಿದ್ದಲ್ಲ. ಹಾಡು ಹುಟ್ಟುತ್ತಿದ್ದ ಸಂದರ್ಭಗಳೇ ಕಡಿಮೆಯಾಗಿವೆ. ಭತ್ತವನ್ನು ಗಿರಣಿ ಕುಟ್ಟುತ್ತದೆ, ಹಿಟ್ಟನ್ನು ಯಂತ್ರ ಬೀಸುತ್ತದೆ. ನಾಟಿಯ ಕೂಲಿಗೆ ಬರುವವರು ವಿರಳ. ಕಾರವಾರದ ಬಳಿಯ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ಕರಾವಳಿಯ ಹಲವು ಊರುಗಳ ಜನ, ಅವರಲ್ಲಿ ಹಾಲಕ್ಕಿಗಳೂ ಸೇರಿ, ನೆಲೆ ಬಿಟ್ಟು ಏಳಬೇಕಾಯಿತು. ಹೊಸ ಬಡಾವಣೆಯಲ್ಲಿ ಮನೆ ಸಿಕ್ಕರೂ ಗದ್ದೆಯ ಸಾಲು ಸಿಗುವುದಿಲ್ಲ. ಮದುವೆಗಳು ಕಲ್ಯಾಣಮಂಟಪಕ್ಕೆ ಹೋದ ಮೇಲೆ ಚಪ್ಪರದ ಹಾಡಿಗೆ ಚಪ್ಪರವೇ ಇಲ್ಲ. ಧ್ವನಿವರ್ಧಕದ ಮುಂದೆ ಅಜ್ಜಿಯರ ದನಿ ಕೇಳುವುದೂ ಇಲ್ಲ. ಶಾಲೆಗೆ ಹೋಗುವ ಮಕ್ಕಳು ಮನೆಯ ಮಾತನ್ನು ಆಡಲು ನಾಚುತ್ತಾರೆ ಎಂಬ ದೂರು ಎಲ್ಲ ಉಪಭಾಷೆಗಳ ಹಿರಿಯರದೂ ಹೌದು. ಈ ನಾಚಿಕೆಯನ್ನು ಬೆಳೆಸುವುದರಲ್ಲಿ ಶಿಷ್ಟ ಕನ್ನಡವನ್ನೇ ತಿದ್ದಿ ತಿದ್ದಿ ಕಲಿಸಿದ ಉಪಾಧ್ಯಾಯರ ಪಾಲೂ ಇದೆಯೆಂದು ಒಪ್ಪಿಕೊಳ್ಳಬೇಕು.

ಉಳಿದಿರುವುದು ಮೂರು ಬಗೆಯಲ್ಲಿದೆ. ಆಕಾಶವಾಣಿಯ ಮತ್ತು ಇತರರ ಧ್ವನಿಮುದ್ರಣಗಳು ಒಂದು, ಜಾನಪದ ವಿದ್ವಾಂಸರು ಬರೆದುಕೊಂಡ ಪಾಠಗಳು ಇನ್ನೊಂದು. ಮೂರನೆಯದು ಬಡಗೇರಿ ಮತ್ತು ಸುತ್ತಲ ಕೇರಿಗಳಲ್ಲಿ ಸುಕ್ರಿಯವರೊಂದಿಗೆ ದನಿಗೂಡಿಸಿದ ಹೆಂಗಸರ ನೆನಪು. ಅವರು ಹೇಳಿದ ಸಾಲನ್ನು ಎತ್ತಿಕೊಂಡು ಹಾಡುತ್ತಿದ್ದವರು ಈಗ ತಾವೇ ಮೊದಲ ಸಾಲನ್ನು ಹೇಳಬೇಕಾಗಿದೆ.